ಜ್ವರಕ್ಕೆ ಯಾವ ರಕ್ತಪರೀಕ್ಷೆ? ದಿನ ಎಣಿಸಿ ಆರಿಸಿಕೊಳ್ಳಿ

ಮಳೆಗಾಲ ಹಿಡಿಯಿತೆಂದರೆ ಕಲಬುರಗಿಯ ಪ್ರಯೋಗಾಲಯಗಳ ಮುಂದೆ ಬೆಳಗಿನ ಹೊತ್ತು ನಿಲ್ಲಲು ಜಾಗ ಸಿಗುವುದಿಲ್ಲ. ಬಂದವರಲ್ಲಿ ಎಷ್ಟೋ ಮಂದಿಯ ಕೈಯಲ್ಲಿ ಡಾಕ್ಟರರ ಚೀಟಿಯೂ ಇರುವುದಿಲ್ಲ. ‘ಜ್ವರದ್ದು ಏನೇನಿದೆಯೋ ಎಲ್ಲ ಪರೀಕ್ಷೆ ಮಾಡಿಬಿಡಿ’ ಎನ್ನುತ್ತಾರೆ. ರಕ್ತ ತೆಗೆಯುವುದು, ಪರೀಕ್ಷಿಸುವುದು ನನ್ನ ಕಸುಬು. ಹಾಗೆ ಬಂದವರನ್ನು ನಾನು ಮೊದಲು ಕೇಳುವುದು ಒಂದೇ ಮಾತು: ಜ್ವರ ಬಂದು ಇವತ್ತಿಗೆ ಎಷ್ಟನೆಯ ದಿನ?

ಈ ಲೆಕ್ಕ ತಪ್ಪಿದರೆ ಎಷ್ಟು ದುಡ್ಡು ಸುರಿದರೂ ಉತ್ತರ ತಪ್ಪಾಗಿಯೇ ಬರುತ್ತದೆ. ಡೆಂಗಿಯನ್ನು ಎರಡನೆಯ ದಿನ ಹಿಡಿಯುವ ಪರೀಕ್ಷೆ ಎಂಟನೆಯ ದಿನ ಕೈಕೊಡುತ್ತದೆ. ಎಂಟನೆಯ ದಿನದ ಪರೀಕ್ಷೆಯನ್ನು ಎರಡನೆಯ ದಿನ ಮಾಡಿಸಿದರೆ ‘ನೆಗೆಟಿವ್’ ಎಂದು ಬರುತ್ತದೆ, ಮನೆಯವರು ನಿಶ್ಚಿಂತರಾಗುತ್ತಾರೆ, ಕಾಯಿಲೆ ಒಳಗೇ ಬೆಳೆಯುತ್ತದೆ. ಹೀಗಾಗಿ ಮೊಬೈಲ್‌ನಲ್ಲೋ ಕ್ಯಾಲೆಂಡರಿನ ಮೇಲೋ ಜ್ವರ ಶುರುವಾದ ದಿನವನ್ನು, ಸಾಧ್ಯವಾದರೆ ಹೊತ್ತನ್ನೂ ಬರೆದಿಟ್ಟುಕೊಳ್ಳಿ. ಚಿಕಿತ್ಸೆ ಯಾವುದು ಎಂಬುದನ್ನು ಡಾಕ್ಟರೇ ತೀರ್ಮಾನಿಸಬೇಕು. ಆದರೆ ಯಾವ ಪರೀಕ್ಷೆಯಿಂದ ಏನು ತಿಳಿಯುತ್ತದೆ ಎಂಬ ಅರಿವು ರೋಗಿಗೂ ಇರಬೇಕು.

ಮೊದಲ ಎರಡು ದಿನ

ಮೂಗು ಸೋರುತ್ತಿದೆ, ಗಂಟಲು ಕೆರೆಯುತ್ತಿದೆ, ಮನೆಯಲ್ಲಿ ಇನ್ನಿಬ್ಬರಿಗೂ ನೆಗಡಿ ಇದೆ ಎಂದಾದರೆ ಮೊದಲ ಎರಡು ದಿನ ಯಾವ ರಕ್ತಪರೀಕ್ಷೆಯೂ ಸಾಮಾನ್ಯವಾಗಿ ಬೇಡ. ನೀರು, ಗಂಜಿ, ಮಜ್ಜಿಗೆ, ವಿಶ್ರಾಂತಿ, ಜ್ವರ ಏರಿದಾಗ ಪ್ಯಾರಾಸಿಟಮಾಲ್ ಸಾಕು. ಕಾಯಬಾರದವರೂ ಇದ್ದಾರೆ: ಮೂರು ತಿಂಗಳೊಳಗಿನ ಕೂಸು, ಗರ್ಭಿಣಿ, ವಯಸ್ಸಾದವರು, ಸಕ್ಕರೆ ಕಾಯಿಲೆಯವರು. ಫಿಟ್ಸ್ ಬಂದರೆ, ಉಸಿರು ಕಟ್ಟಿದರೆ, ಮಾತು ತಡವರಿಸಿದರೆ, ಕುತ್ತಿಗೆ ಬಿಗಿದರೆ, ಕುಡಿದ ನೀರೂ ನಿಲ್ಲದಿದ್ದರೆ ಯಾರೇ ಆಗಲಿ, ದಿನ ಎಣಿಸುತ್ತ ಕೂರದೆ ಆಸ್ಪತ್ರೆಗೆ ಹೋಗಬೇಕು.

ಈ ಹಂತದಲ್ಲಿ ನಮ್ಮ ಭಾಗದಲ್ಲಿ ಆಗುವ ದೊಡ್ಡ ಅನಾಹುತ ಸೂಜಿಯದು. ‘ಒಂದು ಸೂಜಿ ಮಾಡಿಸಿಕೊಂಡರೆ ಜ್ವರ ಬಿಡುತ್ತದೆ’ ಎಂದು ಊರಿನ ಪರಿಚಯದವರ ಹತ್ತಿರ ಹೋಗುತ್ತಾರೆ. ಅಲ್ಲಿ ಹಲವು ಬಾರಿ ಕೊಡುವುದು ಡೈಕ್ಲೋಫಿನಾಕ್. ಜ್ವರ ಥಟ್ಟನೆ ಇಳಿಯುತ್ತದೆ, ಬೆವರು ಹರಿಯುತ್ತದೆ, ಗುಣವಾಯಿತು ಅನ್ನಿಸುತ್ತದೆ. ಅದು ಡೆಂಗಿಯಾಗಿದ್ದರೆ ಡೈಕ್ಲೋಫಿನಾಕ್, ಐಬುಪ್ರೊಫೆನ್, ಆಸ್ಪಿರಿನ್‌ನಂಥ ಔಷಧಗಳು ರಕ್ತಸ್ರಾವದ ಅಪಾಯವನ್ನು ಹೆಚ್ಚಿಸುತ್ತವೆ. ಕಾಯಿಲೆ ಯಾವುದೆಂದು ಗೊತ್ತಾಗುವ ತನಕ ಪ್ಯಾರಾಸಿಟಮಾಲ್ ಒಂದೇ ಸುರಕ್ಷಿತ. ಮೆಡಿಕಲ್ ಅಂಗಡಿಯಲ್ಲಿ ಕಾಗದದ ಪೊಟ್ಟಣದಲ್ಲಿ ಕಟ್ಟಿಕೊಡುವ ಮೂರ್ನಾಲ್ಕು ಬಣ್ಣದ ಗುಳಿಗೆಗಳಲ್ಲಿ ಏನೇನಿದೆ ಎಂದು ಕೇಳಿ ತಿಳಿದುಕೊಳ್ಳದೆ ನುಂಗಬೇಡಿ. ಅದರಲ್ಲಿ ಒಂದು ಆ್ಯಂಟಿಬಯಾಟಿಕ್ ಇದ್ದರೂ ಮುಂದೆ ಮಾಡಿಸುವ ಬ್ಲಡ್ ಕಲ್ಚರ್ ಕೆಟ್ಟುಹೋಗುತ್ತದೆ. ಆ ವಿಷಯ ಮುಂದೆ ಬರುತ್ತದೆ.

ಮಲೇರಿಯಾ: ಸ್ಲೈಡೋ, ಕಾರ್ಡೋ

ಮಲೇರಿಯಾ ಪರೀಕ್ಷೆಗೆ ಮಾತ್ರ ದಿನದ ಲೆಕ್ಕ ಬೇಡ. ಚಳಿ ಜ್ವರ ಬಂದ ದಿನವೇ ಮಾಡಿಸಬಹುದು, ಮಾಡಿಸಬೇಕು. ಯಾದಗಿರಿ, ಕಲಬುರಗಿ ಜಿಲ್ಲೆಗಳಿಂದ ಮುಂಬೈ, ಪುಣೆ, ಹೈದರಾಬಾದಿನ ಕಟ್ಟಡದ ಕೆಲಸಗಳಿಗೆ ಗುಳೆ ಹೋಗಿ ಹಬ್ಬಕ್ಕೆ ಮರಳುವವರು ಇದನ್ನು ಮರೆಯಬಾರದು. ಕರ್ನಾಟಕದಲ್ಲಿ ಮಲೇರಿಯಾ ಬಹಳ ಇಳಿದಿದೆ. ಇಳಿದಿರುವುದರಿಂದಲೇ ಅದು ಯಾರ ತಲೆಗೂ ಹೊಳೆಯದೆ ಹೋಗುವ ಅಪಾಯವಿದೆ.

ಗಾಜಿನ ಸ್ಲೈಡಿನ ಮೇಲೆ ರಕ್ತ ಸವರಿ ಸೂಕ್ಷ್ಮದರ್ಶಕದಲ್ಲಿ ನೋಡುವ ಪದ್ಧತಿ ಹಳೆಯದು. ದಪ್ಪ ಲೇಪದಲ್ಲಿ ಪರೋಪಜೀವಿ ಇದೆಯೇ ಎಂದು ಹುಡುಕುತ್ತೇವೆ, ತೆಳು ಲೇಪದಲ್ಲಿ ಅದು ವೈವಾಕ್ಸ್ ಬಗೆಯದೋ ಫಾಲ್ಸಿಪಾರಮ್ ಬಗೆಯದೋ ಎಂದು ಗುರುತಿಸುತ್ತೇವೆ. ಸೊಳ್ಳೆಯ ಹೊಟ್ಟೆಯಲ್ಲಿ ಈ ಜೀವಿಯನ್ನು ರೊನಾಲ್ಡ್ ರಾಸ್ ಕಂಡದ್ದು 1897ರಲ್ಲಿ, ಸಿಕಂದರಾಬಾದಿನಲ್ಲಿ. ಆಗ ಬೀದರ್, ಕಲಬುರಗಿಗಳೂ ಅದೇ ನಿಜಾಮ ಸಂಸ್ಥಾನದಲ್ಲಿದ್ದವು. ರಕ್ತದ ಹನಿ ಹಾಕಿದರೆ ಗೆರೆ ಮೂಡಿಸಿ ಉತ್ತರ ಹೇಳುವ ಕಾರ್ಡ್ ಪರೀಕ್ಷೆಗೆ ಹದಿನೈದು ಇಪ್ಪತ್ತು ನಿಮಿಷ ಸಾಕು, ನುರಿತ ಕಣ್ಣೂ ಬೇಡ, ಹಳ್ಳಿಯಲ್ಲಿ ಆಶಾ ಕಾರ್ಯಕರ್ತೆಯೇ ಮಾಡಬಲ್ಲರು. ಇದರಲ್ಲಿ ಒಂದು ತೊಡಕಿದೆ: ಫಾಲ್ಸಿಪಾರಮ್ ಗುಣವಾದ ಮೇಲೂ ಕೆಲವು ವಾರ ಕಾರ್ಡಿನಲ್ಲಿ ಗೆರೆ ಮೂಡುತ್ತಲೇ ಇರುತ್ತದೆ. ಹೊಸದಾಗಿ ಬಂದ ಜ್ವರಕ್ಕೆ ಕಾರ್ಡ್ ಸಾಕು. ಕಳೆದ ತಿಂಗಳು ಮಲೇರಿಯಾ ಆಗಿದ್ದವರಿಗೆ ಸ್ಲೈಡೇ ಬೇಕು. ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಎರಡೂ ಉಚಿತ. ವೈವಾಕ್ಸ್ ಎಂದು ಬಂದರೆ ಪ್ರೈಮಾಕ್ವಿನ್ ಗುಳಿಗೆಯನ್ನು 14 ದಿನ ನುಂಗಬೇಕಾಗುತ್ತದೆ (ಗರ್ಭಿಣಿಯರಿಗೆ ಇದನ್ನು ಕೊಡುವುದಿಲ್ಲ). ಯಕೃತ್ತಿನಲ್ಲಿ ಅವಿತು ಕುಳಿತ ಜೀವಿಯನ್ನು ಕೊಲ್ಲುವುದು ಆ ಗುಳಿಗೆ. ಮೂರನೆಯ ದಿನ ಜ್ವರ ಬಿಟ್ಟಿತೆಂದು ನಿಲ್ಲಿಸಿದವರು ತಿಂಗಳುಗಳ ಮೇಲೆ ಮತ್ತೆ ಅದೇ ಜ್ವರದಲ್ಲಿ ನಡುಗುತ್ತಾರೆ.

ಡೆಂಗಿ: ಐದು ದಿನದ ಆಚೆ ಈಚೆ

ನಮ್ಮಲ್ಲಿ ನಲ್ಲಿ ನೀರು ದಿನ ಬಿಟ್ಟು ದಿನ, ಕೆಲವೆಡೆ ವಾರಕ್ಕೊಮ್ಮೆ ಬರುತ್ತದೆ. ನೀರು ಹಿಡಿದಿಡುವುದು ತಪ್ಪಲ್ಲ, ಅನಿವಾರ್ಯ. ಡೆಂಗಿಯ ಈಡಿಸ್ ಸೊಳ್ಳೆಗೆ ಆ ಡ್ರಮ್ಮು, ಸಿಮೆಂಟಿನ ತೊಟ್ಟಿ, ಕೂಲರಿನ ತಳವೇ ಮನೆ. ಮೊಟ್ಟೆಗಳು ನೀರಿನಲ್ಲಿ ತೇಲುವುದಿಲ್ಲ, ತೊಟ್ಟಿಯ ಒಳಗೋಡೆಗೆ ಅಂಟಿಕೊಂಡಿರುತ್ತವೆ, ನೀರಿಲ್ಲದೆಯೂ ತಿಂಗಳುಗಟ್ಟಲೆ ಬದುಕುತ್ತವೆ. ಬರೀ ನೀರು ಚೆಲ್ಲಿದರೆ ಪ್ರಯೋಜನವಿಲ್ಲ. ವಾರಕ್ಕೊಮ್ಮೆ ಗೋಡೆಯನ್ನು ತೆಂಗಿನ ನಾರಿನಿಂದ ಗಸಗಸ ಉಜ್ಜಿ, ಬಟ್ಟೆ ಕಟ್ಟಿ ಮುಚ್ಚಬೇಕು.

ಪರೀಕ್ಷೆಯ ವಿಷಯಕ್ಕೆ ಬರೋಣ. ಎನ್‌ಎಸ್-1 ಎಂಬುದು ವೈರಸ್ಸಿನದೇ ಪ್ರೋಟೀನು. ಜ್ವರದ ಮೊದಲ ದಿನದಿಂದಲೇ ರಕ್ತದಲ್ಲಿ ಸಿಗುತ್ತದೆ, ಐದನೆಯ ದಿನದ ನಂತರ ಕರಗುತ್ತ ಹೋಗುತ್ತದೆ. ಐಜಿಎಂ ಎಂಬುದು ರೋಗಾಣುವನ್ನು ಎದುರಿಸಲು ನಮ್ಮ ದೇಹ ತಯಾರಿಸುವ ಪ್ರತಿಕಾಯ. ಅದು ಹುಟ್ಟಲು ಐದಾರು ದಿನ ಬೇಕು, ಹುಟ್ಟಿದ ಮೇಲೆ ಎರಡು ಮೂರು ತಿಂಗಳು ಉಳಿಯುತ್ತದೆ. ಆದ್ದರಿಂದ ಐದು ದಿನದೊಳಗೆ ಎನ್‌ಎಸ್-1, ಐದು ದಿನ ದಾಟಿದ ಮೇಲೆ ಐಜಿಎಂ ಆರಿಸಿಕೊಳ್ಳಿ. ಹಿಂದೆ ಒಮ್ಮೆ ಡೆಂಗಿ ಆಗಿದ್ದವರಲ್ಲಿ ಎನ್‌ಎಸ್-1 ಬೇಗ ಮಾಯವಾಗುವುದುಂಟು. ಲಕ್ಷಣಗಳೆಲ್ಲ ಡೆಂಗಿಯದೇ ಆಗಿದ್ದು ಎನ್‌ಎಸ್-1 ನೆಗೆಟಿವ್ ಬಂದರೆ, ಐದನೆಯ ದಿನದ ನಂತರ ಐಜಿಎಂ ಮಾಡಿಸಲೇಬೇಕು.

ಕಾರ್ಡ್ ಒಳ್ಳೆಯದೋ, ಪ್ರಯೋಗಾಲಯದಲ್ಲಿ ಯಂತ್ರದಿಂದ ಓದುವ ಎಲೈಸಾ ಪರೀಕ್ಷೆ ಒಳ್ಳೆಯದೋ? ಖಚಿತತೆಯಲ್ಲಿ ಎಲೈಸಾ ಮೇಲು. ರಾಷ್ಟ್ರೀಯ ಕಾರ್ಯಕ್ರಮ ಡೆಂಗಿ ಎಂದು ಲೆಕ್ಕಕ್ಕೆ ಹಿಡಿಯುವುದೂ ಅದನ್ನೇ. ಕಾರ್ಡ್ ಬೇಗ ಉತ್ತರ ಕೊಡುತ್ತದೆ, ಆದರೆ ಮಸುಕಾದ ಗೆರೆ ಬಂದಾಗ ಇಬ್ಬರು ನೋಡಿದರೆ ಎರಡು ಅಭಿಪ್ರಾಯ. ಎಲೈಸಾ ತಟ್ಟೆಯಲ್ಲಿ 96 ಗುಳಿಗಳಿರುತ್ತವೆ, ಒಂದೇ ಮಾದರಿಗಾಗಿ ಅದನ್ನು ತೆರೆಯುವುದಿಲ್ಲ, ಒಂದಷ್ಟು ಮಾದರಿಗಳು ಸೇರಿದ ಮೇಲೆ ಒಟ್ಟಿಗೆ ಹಾಕುತ್ತಾರೆ. ಸರ್ಕಾರಿ ಪ್ರಯೋಗಾಲಯದ ವರದಿ ಒಂದೆರಡು ದಿನ ತಡವಾಗಲು ಇದೂ ಕಾರಣ. ಕಲಬುರಗಿಯ ಜಿಮ್ಸ್, ಬೀದರಿನ ಬ್ರಿಮ್ಸ್, ಯಾದಗಿರಿಯ ಯಿಮ್ಸ್ ವೈದ್ಯಕೀಯ ಕಾಲೇಜುಗಳು ಈ ಮೂರೂ ಜಿಲ್ಲೆಗಳಿಗೆ ಹತ್ತಿರದ ದೊಡ್ಡ ಸರ್ಕಾರಿ ಆಸರೆ. ಖಾಸಗಿಯಲ್ಲಿ ಮಾಡಿಸುವುದಾದರೆ ದರ ತಿಳಿದಿರಲಿ: 2024ರ ಜುಲೈನಲ್ಲಿ ರಾಜ್ಯ ಸರ್ಕಾರ ಎನ್‌ಎಸ್-1 ಎಲೈಸಾಗೆ 300 ರೂಪಾಯಿ, ಐಜಿಎಂ ಎಲೈಸಾಗೆ 300 ರೂಪಾಯಿ, ಕಾರ್ಡ್ ಪರೀಕ್ಷೆಗೆ 250 ರೂಪಾಯಿ ಎಂದು ನಿಗದಿ ಮಾಡಿತು. ಅದಕ್ಕಿಂತ ಹೆಚ್ಚು ಕೇಳಿದರೆ ಯಾಕೆಂದು ಕೇಳಿ. ಕೇಳುವುದರಲ್ಲಿ ನಾಚಿಕೆಯಿಲ್ಲ.

ವರದಿ ಪಾಸಿಟಿವ್ ಬಂದ ಕೂಡಲೇ ಎಲ್ಲರ ಕಣ್ಣೂ ರಕ್ತ ಹೆಪ್ಪುಗಟ್ಟಿಸುವ ಕಣಗಳಾದ ಪ್ಲೇಟ್‌ಲೆಟ್ ಮೇಲೆ ನೆಡುತ್ತದೆ. ಒಂದೂವರೆ ಲಕ್ಷದಿಂದ ನಾಲ್ಕೂವರೆ ಲಕ್ಷದವರೆಗೆ ಇರಬೇಕಾದದ್ದು ಎಂಬತ್ತು ಸಾವಿರಕ್ಕೆ ಇಳಿದರೆ ಸೊಲ್ಲಾಪುರಕ್ಕೋ ಹೈದರಾಬಾದಿಗೋ ಗಾಡಿ ಹೊರಡುತ್ತದೆ. ಮಾರ್ಗದರ್ಶಿ ಸೂತ್ರಗಳ ಪ್ರಕಾರ ರಕ್ತಸ್ರಾವ ಇಲ್ಲದಿದ್ದರೆ, ಪ್ಲೇಟ್‌ಲೆಟ್ ಹತ್ತು ಸಾವಿರಕ್ಕಿಂತ ಕೆಳಗೆ ಇಳಿಯುವ ತನಕ ಹೊರಗಿನಿಂದ ಏರಿಸಬೇಕಾಗಿಲ್ಲ. ಇನ್ನೊಂದು ಮಾತು. ನೇರಳೆ ಮುಚ್ಚಳದ ಟ್ಯೂಬಿನಲ್ಲಿ ರಕ್ತ ಹಾಕಿ ಸರಿಯಾಗಿ ಅಲುಗಾಡಿಸದಿದ್ದರೆ ಪ್ಲೇಟ್‌ಲೆಟ್‌ಗಳು ಒಂದಕ್ಕೊಂದು ಅಂಟಿ ಗುಂಪುಗಟ್ಟುತ್ತವೆ. ಯಂತ್ರ ಆ ಗುಂಪುಗಳನ್ನು ಬಿಟ್ಟು ಎಣಿಸುತ್ತದೆ, ಎರಡು ಲಕ್ಷ ಇದ್ದವರಿಗೂ ನಲವತ್ತು ಸಾವಿರ ಎಂದು ಮುದ್ರಿಸಿ ಕೊಡಬಹುದು. ಸಂಖ್ಯೆ ಏಕಾಏಕಿ ಕುಸಿದಿದ್ದರೆ ಸ್ಲೈಡ್ ಹಾಕಿ ಕಣ್ಣಿನಿಂದ ನೋಡಿದ್ದೀರಾ ಎಂದು ಪ್ರಯೋಗಾಲಯದವರನ್ನು ಕೇಳಿ.

ಪ್ಲೇಟ್‌ಲೆಟ್‌ಗಿಂತ ಮುಖ್ಯವಾದದ್ದು ಅದೇ ಕಾಗದದಲ್ಲಿ ಇನ್ನೊಂದು ಸಾಲಿನಲ್ಲಿರುತ್ತದೆ: ಪಿಸಿವಿ ಅಥವಾ ಹಿಮಾಟೋಕ್ರಿಟ್, ಅಂದರೆ ರಕ್ತದಲ್ಲಿ ಕೆಂಪು ಕಣಗಳ ಪಾಲು. ಡೆಂಗಿಯಲ್ಲಿ ರಕ್ತನಾಳಗಳಿಂದ ನೀರಿನಂಶ ಸೋರಿ ಹೋಗುತ್ತದೆ, ರಕ್ತ ಗಟ್ಟಿಯಾಗುತ್ತದೆ, ಪಿಸಿವಿ ಏರುತ್ತದೆ. ಪ್ಲೇಟ್‌ಲೆಟ್ ಇಳಿಯುತ್ತ ಪಿಸಿವಿ ಏರುತ್ತಿದ್ದರೆ ಅದೇ ಅಪಾಯದ ಗುರುತು. ಇದು ಆಗುವುದು ಜ್ವರ ಜೋರಾಗಿದ್ದಾಗಲ್ಲ, ಮೂರರಿಂದ ಏಳನೆಯ ದಿನದ ನಡುವೆ ಜ್ವರ ಇಳಿಯುವಾಗ. ‘ಜ್ವರ ಬಿಟ್ಟಿತು’ ಎಂದು ಮನೆಯವರು ನಿಟ್ಟುಸಿರು ಬಿಡುವ ಹೊತ್ತಿಗೆ ಹೊಟ್ಟೆ ನೋವು, ನಿಲ್ಲದ ವಾಂತಿ, ಒಸಡಿನಲ್ಲಿ ರಕ್ತ, ತಣ್ಣಗಾದ ಕೈಕಾಲು, ಮೂತ್ರ ಕಡಿಮೆಯಾಗುವುದು, ಮಗು ಮಂಕಾಗಿ ಮಲಗುವುದು ಕಂಡರೆ ಅದೇ ಗಳಿಗೆಯಲ್ಲಿ ಆಸ್ಪತ್ರೆಗೆ ಹೊರಡಿ. ಪಪ್ಪಾಯಿ ಎಲೆಯ ರಸ ನಂಬಿಕೊಂಡು ಆ ರಾತ್ರಿಯನ್ನು ಮನೆಯಲ್ಲಿ ಕಳೆಯಬೇಡಿ.

ಚಿಕೂನ್‌ಗುನ್ಯಾ ನಮ್ಮ ಸೀಮೆಗೆ ಹೊಸತಲ್ಲ. 1973ರಲ್ಲಿ ಪಕ್ಕದ ಸೊಲ್ಲಾಪುರ ಜಿಲ್ಲೆಯ ಬಾರ್ಶಿಯಲ್ಲಿ ಹಬ್ಬಿತ್ತು, ಮೂರು ದಶಕಗಳ ಮೇಲೆ 2005-06ರಲ್ಲಿ ಮರಳಿ ಬಂದು ಈ ಭಾಗದ ಮನೆಮನೆಯ ಕೀಲುಗಳನ್ನು ಹಿಡಿಯಿತು. ಅದಕ್ಕೂ ಐಜಿಎಂ ಪರೀಕ್ಷೆ ಐದಾರು ದಿನದ ನಂತರವೇ. ಫಲಿತಾಂಶ ಏನೇ ಬಂದರೂ ಚಿಕಿತ್ಸೆ ಹೆಚ್ಚು ಬದಲಾಗುವುದಿಲ್ಲ. ಡೆಂಗಿ ಅಲ್ಲವೆಂದು ಮೊದಲು ಖಾತ್ರಿಯಾದರೆ ಸಾಕು.

ಟೈಫಾಯಿಡ್: ವಿಡಾಲ್ ಬೇಡ, ಕಲ್ಚರ್ ಬೇಕು

ಈ ಬರಹದಲ್ಲಿ ನಾನು ಒಂದೇ ಒಂದು ಮಾತನ್ನು ಒತ್ತಿ ಹೇಳಬೇಕೆಂದರೆ ಅದು ಇದೇ. ನಮ್ಮ ಮೂರು ಜಿಲ್ಲೆಗಳಲ್ಲಿ ‘ಟೈಫಾಯಿಡ್ ಆಗಿದೆ’ ಎಂಬ ತೀರ್ಪುಗಳಲ್ಲಿ ಬಹಳಷ್ಟು ವಿಡಾಲ್ ಪರೀಕ್ಷೆಯ ಆಧಾರದ ಮೇಲೆ ಬಂದವು, ಅದೂ ಎರಡನೆಯ ಮೂರನೆಯ ದಿನವೇ. ಆ ತೀರ್ಪಿನ ಹಿಂದೆಯೇ ಸಲಾಯಿನ್ ಹಚ್ಚಿಸುವುದು, ಬೆಳಿಗ್ಗೆ ಸಂಜೆ ಸೂಜಿ, ಐದಾರು ದಿನದ ಖರ್ಚು, ಕೂಲಿ ತಪ್ಪಿದ ವಾರ ಬರುತ್ತವೆ.

ವಿಡಾಲ್ ಅನ್ನು ಹತ್ತಿರದಿಂದ ನೋಡಿ. ಗಾಜಿನ ತಟ್ಟೆಯ ಮೇಲೆ ರೋಗಿಯ ಸೀರಮ್ಮಿನ (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ ದ್ರವದ) ಹನಿ, ಅದರ ಮೇಲೆ ಸತ್ತ ಟೈಫಾಯಿಡ್ ಬ್ಯಾಕ್ಟೀರಿಯಾ ಇರುವ ನೀಲಿ ಬಣ್ಣದ ‘ಓ’ ದ್ರಾವಣ, ಇನ್ನೊಂದು ವೃತ್ತದಲ್ಲಿ ಅಂಥದೇ ಕೆಂಪು ಬಣ್ಣದ ‘ಎಚ್’ ದ್ರಾವಣ. ಕಡ್ಡಿಯಿಂದ ಕಲಸಿ, ತಟ್ಟೆಯನ್ನು ಒಂದು ನಿಮಿಷ ಮೆಲ್ಲಗೆ ಓಲಾಡಿಸುತ್ತೇವೆ. ಹನಿ ನುಣ್ಣಗೆ ಉಳಿದರೆ ನೆಗೆಟಿವ್, ರವೆಯ ಹಾಗೆ ಕಣಕಣವಾದರೆ ಪಾಸಿಟಿವ್. ಕಣ ಎಷ್ಟು ದೊಡ್ಡದು, ಎಷ್ಟು ಸೆಕೆಂಡಿಗೆ ಮೂಡಿತು ಎಂಬುದನ್ನು ತೀರ್ಮಾನಿಸುವುದು ನೋಡುವವನ ಕಣ್ಣು. 1:80, 1:160 (ಸೀರಮ್ಮನ್ನು ಅಷ್ಟು ಪಟ್ಟು ತೆಳುಗೊಳಿಸಿದರೂ ಕಣ ಮೂಡುತ್ತದೆ ಎಂದರ್ಥ) ಎಂದು ನಿಮ್ಮ ವರದಿಯಲ್ಲಿ ಬರುವ ಅಂಕಿಗಳ ಹಿಂದೆ ಇರುವುದು ಇಷ್ಟೇ.

ಫ್ರಾನ್ಸಿನ ವಿಡಾಲ್ 1896ರಲ್ಲಿ ಇದನ್ನು ರೂಪಿಸಿದಾಗ ಬೇರೆ ಸುಲಭದ ದಾರಿ ಇರಲಿಲ್ಲ, ಅದು ದೊಡ್ಡ ಸಾಧನೆ. ಅದು ಅಳೆಯುವುದು ಪ್ರತಿಕಾಯಗಳನ್ನು, ಬ್ಯಾಕ್ಟೀರಿಯಾವನ್ನಲ್ಲ. ಪ್ರತಿಕಾಯಗಳು ಕಾಣಿಸಿಕೊಳ್ಳಲು ವಾರ ಹತ್ತು ದಿನ ಬೇಕು. ಎರಡನೆಯ ದಿನ ಅದರಲ್ಲಿ ಪಾಸಿಟಿವ್ ಬಂದರೆ ಅದು ಹಳೆಯ ಸೋಂಕಿನ, ಹಳೆಯ ಲಸಿಕೆಯ, ಇಲ್ಲವೇ ಬೇರೆ ಯಾವುದೋ ಕಾಯಿಲೆಯ ನೆರಳು. ಮಲೇರಿಯಾ, ಡೆಂಗಿ ಇದ್ದವರಲ್ಲೂ ವಿಡಾಲ್ ಪಾಸಿಟಿವ್ ಬರುತ್ತದೆ. ಕುಡಿಯುವ ನೀರು ಶುದ್ಧವಿಲ್ಲದ ಊರಿನಲ್ಲಿ ಬೆಳೆದವರ ರಕ್ತದಲ್ಲಿ ಆರೋಗ್ಯವಾಗಿದ್ದಾಗಲೂ 1:80 ಸಿಗುವುದು ಅಪರೂಪವಲ್ಲ. ಒಂದೆರಡು ವಾರದ ಅಂತರದಲ್ಲಿ ಎರಡು ಸಲ ಪರೀಕ್ಷಿಸಿ ನಾಲ್ಕು ಪಟ್ಟು ಏರಿದೆಯೇ ಎಂದು ನೋಡಿದರೆ ಮಾತ್ರ ಅದಕ್ಕೊಂದು ಅರ್ಥ. ಹಾಗೆ ಎರಡನೆಯ ಸಲ ಬರುವವರನ್ನು ಹುಡುಕಬೇಕು. ಟೈಫಿಡಾಟ್ ಎಂಬ ಕಾರ್ಡೂ ಇದೆ, ಅದರ ಮೇಲೂ ಪೂರ್ತಿ ಭಾರ ಹಾಕಬೇಡಿ.

ಬ್ಲಡ್ ಕಲ್ಚರ್‌ನಲ್ಲಿ ರಕ್ತವನ್ನು ಪೋಷಕ ದ್ರವವಿರುವ ಸೀಸೆಗೆ ಹಾಕಿ ಬೆಚ್ಚಗಿಟ್ಟು ಬ್ಯಾಕ್ಟೀರಿಯಾವನ್ನೇ ಬೆಳೆಸುತ್ತೇವೆ. ಬೆಳೆದದ್ದನ್ನು ಗುರುತಿಸುವುದಷ್ಟೇ ಅಲ್ಲ, ಅದು ಯಾವ ಔಷಧಕ್ಕೆ ಸಾಯುತ್ತದೆ, ಯಾವುದಕ್ಕೆ ಜಗ್ಗುವುದಿಲ್ಲ ಎಂಬುದೂ ಗೊತ್ತಾಗುತ್ತದೆ. ಒಂದು ಕಾಲಕ್ಕೆ ಟೈಫಾಯಿಡ್‌ಗೆ ರಾಮಬಾಣವಾಗಿದ್ದ ಸಿಪ್ರೊಫ್ಲಾಕ್ಸಾಸಿನ್ ಈಗ ನಮ್ಮ ದೇಶದಲ್ಲಿ ಬಹಳ ಕಡೆ ಕೆಲಸ ಮಾಡುತ್ತಿಲ್ಲ. ಆದ್ದರಿಂದ ಈ ಎರಡನೆಯ ಉತ್ತರ ಮೊದಲನೆಯದಕ್ಕಿಂತ ಬೆಲೆಯುಳ್ಳದ್ದು.

ಕಲ್ಚರ್‌ಗೆ ಮೂರು ತೊಡಕು. ಖರ್ಚು ಹೆಚ್ಚು, ಉತ್ತರಕ್ಕೆ ಎರಡು ಮೂರು ದಿನ ಕಾಯಬೇಕು, ನಿಜವಾದ ಟೈಫಾಯಿಡ್ ಇದ್ದವರಲ್ಲೂ ಸುಮಾರು ಅರ್ಧದಷ್ಟು ಮಂದಿಯಲ್ಲಿ ಮಾತ್ರ ಬೆಳೆಯುತ್ತದೆ. ಆ ಅರ್ಧವೂ ಕೈಗೆ ಸಿಗಬೇಕಾದರೆ ಮೊದಲ ವಾರದಲ್ಲಿ, ಆ್ಯಂಟಿಬಯಾಟಿಕ್‌ನ ಒಂದು ಗುಳಿಗೆಯೂ ಹೊಟ್ಟೆಗೆ ಹೋಗುವ ಮೊದಲು, ಸಾಕಷ್ಟು ರಕ್ತ ತೆಗೆಯಬೇಕು. ದೊಡ್ಡವರಿಗೆ ಎಂಟು ಹತ್ತು ಮಿಲಿಲೀಟರ್. ಅಫಜಲಪುರದ ಕಡೆಯ ಹುಡುಗನೊಬ್ಬನಿಗೆ ನಾನು ದೊಡ್ಡ ಸಿರಿಂಜ್ ಹಿಡಿದಾಗ ಅವನ ತಾಯಿ, “ಅಣ್ಣಾ, ಇಷ್ಟು ರಕ್ತ ತೆಗೆದರೆ ನನ್ನ ಮಗ ಎದ್ದು ನಿಲ್ಲುತ್ತಾನೆಯೇ?” ಎಂದು ಕೈ ಅಡ್ಡ ಹಿಡಿದರು. “ಅವ್ವಾ, ಅವನ ಮೈಯಲ್ಲಿ ಐದು ಲೀಟರಿನಷ್ಟು ರಕ್ತವಿದೆ. ಈ ರೋಗದಲ್ಲಿ ಒಂದು ಮಿಲಿಲೀಟರ್ ರಕ್ತಕ್ಕೆ ಒಂದೇ ಒಂದು ಬ್ಯಾಕ್ಟೀರಿಯಾ ಇರುತ್ತದೆ, ಒಮ್ಮೊಮ್ಮೆ ಅದೂ ಇರುವುದಿಲ್ಲ. ಕಡಿಮೆ ತೆಗೆದರೆ ಸಿಕ್ಕುವುದೇ ಇಲ್ಲ” ಎಂದೆ. ಅವರು ಕೈ ತೆಗೆದರು. ಕಾರಣ ಹೇಳಿದರೆ ನಮ್ಮ ಜನ ಒಪ್ಪುತ್ತಾರೆ. ಹೇಳುವಷ್ಟು ಪುರಸೊತ್ತನ್ನು ನಮ್ಮಂಥವರು ಮಾಡಿಕೊಳ್ಳಬೇಕು.

ಹಾಗಾದರೆ ಆಯ್ಕೆ ಹೇಗೆ? ಜ್ವರ ನಾಲ್ಕು ದಿನ ದಾಟಿದೆ, ದಿನೇ ದಿನೇ ಏರುತ್ತಿದೆ, ಹೊಟ್ಟೆ ಕೆಟ್ಟಿದೆ, ನಾಲಿಗೆಯ ಮೇಲೆ ಬಿಳಿ ಪದರ ಕಟ್ಟಿದೆ, ಮಲೇರಿಯಾ ಡೆಂಗಿ ಎರಡೂ ಇಲ್ಲ ಎಂದಾದರೆ ‘ಔಷಧಕ್ಕೆ ಮೊದಲು ಕಲ್ಚರ್ ಕಳಿಸೋಣವೇ?’ ಎಂದು ಡಾಕ್ಟರರನ್ನು ನೀವೇ ಕೇಳಿ. ರಕ್ತ ತೆಗೆದ ಮರುಗಳಿಗೆಯೇ ಔಷಧ ಶುರು ಮಾಡಬಹುದು, ವರದಿಗಾಗಿ ಕಾಯಬೇಕೆಂದೇನಿಲ್ಲ. ಕಲ್ಚರ್ ಸೌಲಭ್ಯವೇ ಇಲ್ಲದ ತಾಲ್ಲೂಕಿನಲ್ಲಿ, ಜ್ವರ ವಾರ ದಾಟಿದ ಮೇಲೆ, ಲಕ್ಷಣಗಳೂ ಹೊಂದಿಕೊಂಡಾಗ ಹೆಚ್ಚಿನ ವಿಡಾಲ್ ಅಂಕಿ ಡಾಕ್ಟರರಿಗೆ ಸ್ವಲ್ಪ ನೆರವಾದೀತು. ಅದಕ್ಕಿಂತ ಹೆಚ್ಚಿನ ಮರ್ಯಾದೆಯನ್ನು ಅದಕ್ಕೆ ಕೊಡಬೇಡಿ. ಸರಿಯಾದ ಔಷಧ ಬಿದ್ದ ಮೇಲೂ ಟೈಫಾಯಿಡ್ ಜ್ವರ ಇಳಿಯಲು ನಾಲ್ಕೈದು ದಿನ ಹಿಡಿಯುತ್ತದೆ. ಎರಡೇ ದಿನಕ್ಕೆ ಡಾಕ್ಟರರನ್ನು ಬದಲಿಸಬೇಡಿ, ಜ್ವರ ಬಿಟ್ಟಿತೆಂದು ಗುಳಿಗೆಯನ್ನು ಅರ್ಧಕ್ಕೆ ನಿಲ್ಲಿಸಲೂ ಬೇಡಿ.

ತಡೆಯುವ ದಾರಿಯೂ ಇದೆ. ಟೈಫಾಯಿಡ್ ಕಾಂಜುಗೇಟ್ ಲಸಿಕೆಯನ್ನು ಆರು ತಿಂಗಳು ತುಂಬಿದ ಮಕ್ಕಳಿಂದ ಹಿಡಿದು ಹಾಕಿಸಬಹುದು. ಇಂಥ ಲಸಿಕೆಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಮಾನ್ಯತೆ ಮೊದಲು ಪಡೆದದ್ದು ನಮ್ಮ ಪಕ್ಕದ ಹೈದರಾಬಾದಿನಲ್ಲಿ ತಯಾರಾಗುವ ಲಸಿಕೆ. ನೀರು ಕುದಿಸಿ ಆರಿಸಿ ಕುಡಿಯುವುದಂತೂ ಲಸಿಕೆ ಹಾಕಿಸಿಕೊಂಡವರಿಗೂ ತಪ್ಪಿದ್ದಲ್ಲ.

ವಾರ ದಾಟಿದ ಜ್ವರ

ಮಳೆಗಾಲ ಮುಗಿದ ಮೇಲಿನ ತಿಂಗಳುಗಳಲ್ಲಿ ಹೊಲದ ಕೆಲಸ ಮಾಡಿದವರಿಗೆ ವಾರ ಕಳೆದರೂ ಜ್ವರ ಬಿಡದಿದ್ದರೆ ಸ್ಕ್ರಬ್ ಟೈಫಸ್ ಇರಬಹುದೇ ಎಂದು ನೋಡಬೇಕು. ಪೊದೆ, ಹುಲ್ಲಿನಲ್ಲಿರುವ ನುಸಿಯ ಮರಿ ಕಚ್ಚಿ ಬರುವ ರೋಗವಿದು. ಹೆಸರಿನಲ್ಲಿ ಹೋಲಿಕೆ ಇದ್ದರೂ ಟೈಫಾಯಿಡ್‌ಗೂ ಇದಕ್ಕೂ ಸಂಬಂಧವಿಲ್ಲ, ಟೈಫಾಯಿಡ್‌ಗೆ ಕೊಡುವ ಸೆಫ್ಟ್ರಿಯಾಕ್ಸೋನ್ ಸೂಜಿ ಇದಕ್ಕೆ ನಾಟುವುದಿಲ್ಲ. ಕಚ್ಚಿದ ಜಾಗದಲ್ಲಿ ಹಲವರಲ್ಲಿ ಬೀಡಿಯಿಂದ ಸುಟ್ಟಂಥ ಕಪ್ಪು ಹಕ್ಕಳೆ ಇರುತ್ತದೆ. ಅದು ಕಂಕುಳು, ತೊಡೆಸಂದು, ಸೊಂಟದ ಪಟ್ಟಿಯ ಕೆಳಗೆ, ಹೆಂಗಸರಲ್ಲಿ ಎದೆಯ ಕೆಳಗೆ ಇರುವುದರಿಂದ, ನೋವೂ ಇಲ್ಲದ್ದರಿಂದ, ಯಾರೂ ನೋಡಿರುವುದಿಲ್ಲ. ಮನೆಯವರೇ ಮೈಯೆಲ್ಲ ಹುಡುಕಿ ನೋಡಿ, ಕಂಡರೆ ಡಾಕ್ಟರರಿಗೆ ತೋರಿಸಿ. ಪರೀಕ್ಷೆಯಲ್ಲಿ ವೈಲ್-ಫೆಲಿಕ್ಸ್ ಎಂಬ ಹಳೆಯ ವಿಧಾನಕ್ಕಿಂತ ಐಜಿಎಂ ಎಲೈಸಾ ಮೇಲು. ಡಾಕ್ಸಿಸೈಕ್ಲಿನ್ ಕೊಟ್ಟರೆ ಸಾಮಾನ್ಯವಾಗಿ ಎರಡು ದಿನದಲ್ಲಿ ಜ್ವರ ಇಳಿಯುತ್ತದೆ. ಇಷ್ಟು ಅಗ್ಗದ ಔಷಧವಿರುವ ರೋಗದಲ್ಲಿ ಯಾರೂ ಜೀವ ಕಳೆದುಕೊಳ್ಳಬಾರದು.

‘ಫೀವರ್ ಪ್ಯಾಕೇಜ್’ ಎಂದು ಹತ್ತಾರು ಪರೀಕ್ಷೆಗಳನ್ನು ಒಟ್ಟಿಗೆ ಮಾರುವ ಕಡೆ ಹೋಗಬೇಡಿ ಎಂಬುದು ನನ್ನ ಸಲಹೆ. ಅದರಲ್ಲಿ ವಿಡಾಲ್ ಇದ್ದೇ ಇರುತ್ತದೆ, ದಿನಕ್ಕೆ ಹೊಂದದ ಐಜಿಎಂಗಳೂ ಇರುತ್ತವೆ, ಕಲ್ಚರ್ ಮಾತ್ರ ಇರುವುದಿಲ್ಲ. ಅದೇ ದುಡ್ಡಿನಲ್ಲಿ ಮೂರನೆಯ ದಿನ ರಕ್ತಕಣಗಳ ಎಣಿಕೆ, ಮಲೇರಿಯಾ, ಎನ್‌ಎಸ್-1 ಮಾಡಿಸಿ, ಐದಾರನೆಯ ದಿನ ಬೇಕಾದದ್ದನ್ನು ಮಾತ್ರ ಮತ್ತೆ ಮಾಡಿಸಬಹುದು. ಪರೀಕ್ಷೆ ಹತ್ತಿರದಲ್ಲೇ, ಸಕಾಲದಲ್ಲಿ ಸಿಗುವುದು ಎಷ್ಟು ದೊಡ್ಡದೆಂದು ಕಲಬುರಗಿಗೆ ಯಾರೂ ಹೇಳಿಕೊಡಬೇಕಾಗಿಲ್ಲ: 2020ರ ಮಾರ್ಚ್‌ನಲ್ಲಿ ದೇಶದ ಮೊದಲ ಕೋವಿಡ್ ಸಾವು ಸಂಭವಿಸಿದ್ದು ಈ ಊರಿನ ಹಿರಿಯರೊಬ್ಬರದು, ಸೋಂಕು ದೃಢಪಟ್ಟ ಹೊತ್ತಿಗೆ ಅವರು ತೀರಿಕೊಂಡಿದ್ದರು.

ಜ್ವರ, ಕೆಮ್ಮು ಎರಡು ವಾರ ದಾಟಿದರೆ, ಸಂಜೆ ಹೊತ್ತು ಮೈ ಬೆಚ್ಚಗಾಗಿ ರಾತ್ರಿ ಬೆವರಿದರೆ, ತೂಕ ಇಳಿಯುತ್ತಿದ್ದರೆ ರಕ್ತದಲ್ಲಿ ಹುಡುಕುವುದನ್ನು ಬಿಟ್ಟು ಕಫ ಪರೀಕ್ಷೆಗೆ ಹೋಗಿ. ಕ್ಷಯಕ್ಕೆ ರಕ್ತದ ಪ್ರತಿಕಾಯ ಪರೀಕ್ಷೆ ಮಾಡುವುದನ್ನು ಭಾರತ ಸರ್ಕಾರ 2012ರಲ್ಲೇ ನಿಷೇಧಿಸಿದೆ. ಸೂಕ್ಷ್ಮದರ್ಶಕದ ಕಫ ಪರೀಕ್ಷೆಗಿಂತ, ಕಫದಲ್ಲಿ ಕ್ಷಯದ ರೋಗಾಣುವಿನ ಜೀನನ್ನೇ ಹುಡುಕುವ ಸಿಬಿ-ನ್ಯಾಟ್, ಟ್ರೂನ್ಯಾಟ್ ಯಂತ್ರಗಳು ಹೆಚ್ಚು ಸೂಕ್ಷ್ಮ, ಕೆಲವೇ ಗಂಟೆಗಳಲ್ಲಿ ಕ್ಷಯದ ಮುಖ್ಯ ಔಷಧವಾದ ರಿಫಾಂಪಿಸಿನ್ ನಾಟುತ್ತದೆಯೇ ಎಂಬುದನ್ನೂ ಹೇಳುತ್ತವೆ, ಸರ್ಕಾರಿ ಕೇಂದ್ರಗಳಲ್ಲಿ ಉಚಿತ. ಡಬ್ಬಿಯನ್ನು ಹಿಂದಿನ ದಿನವೇ ಇಸಿದುಕೊಂಡು ಹೋಗಿ. ಬೆಳಿಗ್ಗೆ ಎದ್ದ ಕೂಡಲೇ ಬಾಯಿ ಮುಕ್ಕಳಿಸಿ, ಬಯಲಿನಲ್ಲೋ ಕಿಟಕಿ ತೆರೆದ ಜಾಗದಲ್ಲೋ ನಿಂತು, ಆಳವಾಗಿ ಉಸಿರೆಳೆದು ಎದೆಯೊಳಗಿಂದ ಕೆಮ್ಮಿ ಬಂದ ಗಟ್ಟಿ ಕಫವನ್ನು ಅದರಲ್ಲಿ ಹಿಡಿಯಿರಿ. ನೀರಿನಂಥ ಎಂಜಲು ತಂದುಕೊಟ್ಟರೆ ಎಂಥ ಯಂತ್ರಕ್ಕೂ ಅದರಲ್ಲಿ ಏನೂ ಸಿಗುವುದಿಲ್ಲ.